ಸಸ್ಪೆಂಡ್ ಆದವರ ಸೀಟು

ಅವರ ಬಲಗೈ ಹೆಬ್ಬೆರಳು ಸದಾ ಹಳದಿ. ಚೂಡಾದ, ಅಂದರೆ ಒಗ್ಗರಣೆ ಅವಲಕ್ಕಿಯ, ಅರಿಶಿನ ಅದು. ಎಡಗೈಗೆ ದಪ್ಪ ಉಣ್ಣೆಯ ಗವಸು, ಬಲಗೈ ಮಾತ್ರ ಬರಿಗೈ. ಎಂಥ ಚಳಿಯಲ್ಲೂ ಇದೇ ಏರ್ಪಾಡು. ಗವಸು ಹಾಕಿಕೊಂಡರೆ ಗೇರಿನ ಪಕ್ಕದ ಡಬ್ಬಿಯೊಳಗೆ ಕೈ ಹೋಗುವುದಿಲ್ಲವಲ್ಲ! ಕೆನಡಾದ ಒಶಾವಾದಿಂದ ಮಾರ್ಕಮ್‌ವರೆಗೆ ಸಿಗ್ನಲ್ ಬಿದ್ದಲ್ಲೆಲ್ಲ ಒಂದು ಮುಷ್ಟಿ ಚೂಡಾ ಬಾಯಿಗೆ, ಹಸಿರು ದೀಪ ಬಂದೊಡನೆ ಅದೇ ಕೈ ಸ್ಟೀರಿಂಗಿಗೆ. ಹೀಗಾಗಿ ಸ್ಟೀರಿಂಗಿನ ಬಲಭಾಗದಲ್ಲಿ ಒಂದು ಹಳದಿ ಕಲೆ ಖಾಯಂ ಆಗಿ ಕೂತುಬಿಟ್ಟಿತ್ತು. ಅವರ ಹೆಂಡತಿ, ನಮ್ಮ ಕಾಕೂ, ಎಷ್ಟು ಉಜ್ಜಿದರೂ ಹೋಗಿರಲಿಲ್ಲ.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಮೈಸೂರಿನವಳಾದ ನನಗೆ ಬಾಯಿಗೆ ಬರುವುದು ಚಿಕ್ಕಪ್ಪ. ಆದರೆ ಆ ಹುಬ್ಬಳ್ಳಿಯ ಗಂಟಲಿಗೆ ಚಿಕ್ಕಪ್ಪ ಹೊಂದುತ್ತಿರಲಿಲ್ಲ. ಮಾರ್ಕಮ್‌ನ ಒಂದು ಕಂಪನಿಯಲ್ಲಿ ಅವರು ಗೋದಾಮು ನೋಡಿಕೊಳ್ಳುತ್ತಿದ್ದರು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ೨೦೧೫ರಲ್ಲಿ ನಾನು ಕೆಲಸಕ್ಕೆ ಸೇರಿದೆ. ಬಾಡಿಗೆ ಕಡಿಮೆಯೆಂದು ಒಶಾವಾದ ಬೇಸ್‌ಮೆಂಟೊಂದರಲ್ಲಿದ್ದೆ, ಕಾರಿರಲಿಲ್ಲ. ನಮ್ಮ ಆಫೀಸಿನಲ್ಲೇ ಇದ್ದ ಧಾರವಾಡದ ಅಕ್ಕ ದಿನವೂ ಕಾಕಾನ ಕಾರಿನಲ್ಲಿ ಬರುತ್ತಿದ್ದರು, ನನ್ನನ್ನೂ ಸೇರಿಸಿದರು.

ಮೊದಲ ದಿನ ಡ್ರೈವರ್ ಹಿಂದಿನ ಬಾಗಿಲಿಗೆ ಕೈ ಹಾಕಿದೆ. "ಆ ಕಡೆ ಬ್ಯಾಡ ಯವ್ವಾ, ಈ ಕಡಿಂದ ಬಾ" ಎಂದರು. ಬಾಗಿಲು ಕೆಟ್ಟಿದೆ ಅಂದುಕೊಂಡೆ. ಬಾಗಿಲು ಸರಿಯಾಗೇ ಇತ್ತು.

ಕಾರಿನೊಳಗೆ ಮಾತೆಂದರೆ ಹಾಕಿ. ನಮ್ಮ ಹುಲ್ಲಿನ ಮೇಲಿನದಲ್ಲ, ಇಲ್ಲಿಯವರ ಐಸ್ ಹಾಕಿ. ಆಟಗಾರರನ್ನೆಲ್ಲ ಅವರು ತಮ್ಮ ಓಣಿಯ ಹುಡುಗರಂತೆ ಬೈಯುತ್ತಿದ್ದರು. "ಅಂವಗ ಕಾಲು ಕೊಟ್ಟಾನ ದೇವರು, ತಲಿ ಕೊಡಾಕ ಮರತಾನ" ಎಂದು ಒಬ್ಬನಿಗೆ. ಅವರ ಟೀಮು ಗೆದ್ದ ಮರುದಿನ ಡಬ್ಬಿ ನಮ್ಮ ಕೈಗೂ ಬರುತ್ತಿತ್ತು. ಸೋತ ಮರುದಿನ ಅವರೊಬ್ಬರೇ ತಿನ್ನುತ್ತಿದ್ದರು. ನನಗೆ ಆಟದ ತಲೆಬುಡ ತಿಳಿಯುತ್ತಿರಲಿಲ್ಲ. ಬೆಚ್ಚಗಿನ ಕಾರಿನಲ್ಲಿ ಯಾರೋ ಕನ್ನಡದಲ್ಲಿ ಜಗಳವಾಡುತ್ತಿದ್ದಾರಲ್ಲ, ಅಷ್ಟೇ ಸಾಕಾಗಿತ್ತು.

ಮುಂದಿನ ಚಳಿಗಾಲದಲ್ಲಿ ಬೆಳಗಾವಿಯ ಒಬ್ಬರು ಹೊಸದಾಗಿ ಸೇರಿಕೊಂಡರು. ಆರಡಿ ಮೀರಿದ ಆಳು. ಕಾಕಾ ಅವರನ್ನು ಹಿಂದಿನ ಸೀಟಿನ ನಡುವೆ ಕೂರಿಸಿದರು. ಮೊಣಕಾಲು ಗದ್ದಕ್ಕೆ ಬಡಿಯುತ್ತಿದೆ, ಪಕ್ಕದಲ್ಲೇ ಡ್ರೈವರ್ ಹಿಂದಿನ ಕಿಟಕಿ ಸೀಟು ಖಾಲಿ! ಅರ್ಧ ದಾರಿಯಲ್ಲಿ ಪಾಪ ಅವರು ಮೆಲ್ಲಗೆ ಅತ್ತ ಜರುಗಿದರು. ಕಾಕಾ ಕಾರನ್ನು ಬದಿಗೆ ಹಾಕಿ, ಹಿಂದೆ ತಿರುಗಿ, "ನಡುವ ಸರೀರಿ ಸಾಹೇಬ್ರ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ವಾರ ಕಳೆಯುವಷ್ಟರಲ್ಲಿ ಆ ಮನುಷ್ಯ ಬಸ್ಸು ಹಿಡಿದರು.

ಅಂದು ಸಂಜೆ ನಾನು ಕೇಳಿಯೇ ಬಿಟ್ಟೆ. "ಏನ್ ಕಾಕಾ ಇದು, ಆ ಸೀಟಲ್ಲಿ ದೆವ್ವ ಗಿವ್ವ ಕೂತಿದ್ಯಾ?"

ಕಾಕಾ ನಗಲಿಲ್ಲ. ಟೀಮಿನ ಲೆಕ್ಕದಿಂದ ಶುರುಮಾಡಿದರು. "ನೋಡು ಯವ್ವಾ, ಎಲ್ಲಾ ಆಟಗಾರರ ಪಗಾರ ಕೂಡಿ ಇಷ್ಟರೊಳಗ ಇರಬೇಕಂತ ಲೀಗಿನವರು ಒಂದು ಗೆರಿ ಹಾಕಿರತಾರ. ಸ್ಯಾಲರಿ ಕ್ಯಾಪ್ ಅಂತಾರ ಅದಕ್ಕ. ಒಬ್ಬಂವ ಸಿಟ್ಟಿಗೆದ್ದು ಎದುರಿನವಗ ಕೋಲಿಲೆ ಹೊಡದಾ ಅಂತ ತಿಳಿ. ಸಸ್ಪೆಂಡ್ ಮಾಡತಾರ. ಅಷ್ಟು ಪಂದ್ಯಾದ್ದು ಅವಗ ಪಗಾರ ಇಲ್ಲ. ಆದ್ರ ಅವನ ಪಗಾರ ಗೆರಿ ಒಳಗಿನ ಲೆಕ್ಕದಾಗ ಹಂಗ ಇರತೈತಿ. ಆ ಜಾಗಾದಾಗ ಬ್ಯಾರೆಯವನ್ನ ತರಾಕ ಬರೂದಿಲ್ಲ. ಅಂವ ಬರೂತನಾ ಟೀಮು ಒಬ್ಬನ್ನ ಕಳಕೊಂಡ ಆಡಬೇಕು."

"ಪೆಟ್ಟು ಬಿದ್ದು ಕೂತವರದ್ದು?"

"ಅದು ಬ್ಯಾರೆ. ಭಾಳ ದಿನದ ಪೆಟ್ಟಾದ್ರ ಲೀಗಿನವರು ಕನಿಕರ ಮಾಡತಾರ. ಗೆರಿ ದಾಟಿ ಇನ್ನೊಬ್ಬನ್ನ ತಗೋರಿ ಅಂತಾರ." ಡಬ್ಬಿ ಮುಚ್ಚಿದರು. "ಆ ಸೀಟಿನಂವಗ ಪೆಟ್ಟಾಗಿಲ್ಲ. ಸಸ್ಪೆಂಡ್ ಆಗ್ಯಾನ. ನಾನ ಮಾಡೇನಿ."

ಉಳಿದದ್ದನ್ನು ಮರುದಿನ ಕ್ಯಾಂಟೀನಿನಲ್ಲಿ ಅಕ್ಕ ಹೇಳಿದರು. ಆ ಸೀಟು ಕಾಕಾನ ದೋಸ್ತರದ್ದು. ಹುಬ್ಬಳ್ಳಿಯ ಒಂದೇ ಓಣಿ, ಒಂದೇ ಶಾಲೆ. ಕೆನಡಾಕ್ಕೂ ಒಬ್ಬರ ಹಿಂದೆ ಒಬ್ಬರು ಬಂದವರು. ಕಾಕಾ ಗಾಡಿ ಓಡಿಸುತ್ತ ಹಿಂದೆ ನೋಡದೆಯೇ ಕೈ ಚಾಚಿ ಅವರ ಅಂಗೈಗೆ ಚೂಡಾ ಸುರಿಯುತ್ತಿದ್ದರಂತೆ, ಒಂದು ಶೇಂಗಾ ಕೆಳಗೆ ಬೀಳುತ್ತಿರಲಿಲ್ಲವಂತೆ. ದೋಸ್ತರಿಗೆ ಇದ್ದ ಚಟ ಒಂದೇ, ತಡಮಾಡುವುದು. ಒಂದು ದಿನ ಹಿಮದಲ್ಲಿ ಎಲ್ಲರನ್ನೂ ಕಾಯಿಸಿ, ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಬಂದರು. ಹಿಂದಿನ ದಿನ ಟೀಮು ಬೇರೆ ಸೋತಿತ್ತು. ಕಾಕಾ ಕಿಟಕಿ ಇಳಿಸಿ, "ಲೇ, ನೀ ಇವತ್ತಿಂದ ಸಸ್ಪೆಂಡ್!" ಎಂದು ಕೂಗಿ ಗಾಡಿ ಬಿಟ್ಟೇಬಿಟ್ಟರು. ಕಾರಿನಲ್ಲಿದ್ದವರೆಲ್ಲ ನಕ್ಕರು. ಬಸ್‌ಸ್ಟಾಪಿನಲ್ಲಿ ನಿಂತಿದ್ದ ಪರಿಚಯದವರೂ ನಕ್ಕರು. ಆ ನಗು ದೋಸ್ತರ ಎದೆಗೆ ನಾಟಿತು. ಮರುದಿನ ಅವರು ಬರಲಿಲ್ಲ. ಆಮೇಲೆ ಟೊರಾಂಟೊದ ಆಚೆ ಬದಿಯ ಓಕ್‌ವಿಲ್‌ನಲ್ಲಿ ಕೆಲಸ ಹಿಡಿದು ಸಂಸಾರ ಸಮೇತ ಅಲ್ಲಿಗೇ ಹೋದರು.

ಎಂಥ ಮಕ್ಕಳಾಟ ಎಂದು ನನಗೆ ಸಿಟ್ಟೇ ಬಂತು. ಇಬ್ಬರ ನಡುವೆ ಟೊರಾಂಟೊ ಒಂದು ಅಡ್ಡ ಇತ್ತು, ನಿಜ. ಆದರೆ ಒಂದು ಫೋನಿಗೆ ಏನು ಅಡ್ಡ? "ನಾ ಯಾಕ ಮಾಡ್ಲಿ, ಸಸ್ಪೆಂಡ್ ಆದಂವಾ ಮುಗಿಸ್ಕೊಂಡು ತಾನ ಬರಬೇಕು" ಎನ್ನುತ್ತಿದ್ದರು ಕಾಕಾ. ಆದರೂ ಪ್ರತಿ ಬೆಳಗ್ಗೆ ಗಾಡಿ ಬಿಡುವ ಮುಂಚೆ ಕನ್ನಡಿಯಲ್ಲಿ ಹಿಂದಿನ ಸೀಟು ನೋಡುತ್ತಿದ್ದರು. ಅದು ಲೇನ್ ನೋಡುವ ನೋಟವಲ್ಲ ಅಂತ ನನಗೂ ಅಕ್ಕನಿಗೂ ಗೊತ್ತಿತ್ತು.

ಅವರೇ ನನಗೆ ಕಾರು ಕಲಿಸಿದರು. ನಾನು ಐಸಿನ ಮೇಲೆ ಜಾರಿ ಅಂಚೆಪೆಟ್ಟಿಗೆಗೆ ಗುದ್ದಿದಾಗ ಕೆಳಗಿಳಿದು, ಬಂಪರ್ ನೋಡದೆ ನನ್ನ ಹಣೆ ನೋಡಿದರು. "ಗಾಡಿ ಹೋದ್ರ ಗಾಡಿ ಬರತೈತಿ" ಎಂದರು. ಪರದೇಶದಲ್ಲಿ ನನಗೊಬ್ಬ ತಂದೆ ಸಿಕ್ಕಂತಾಗಿತ್ತು. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿದ್ದೆ ಎಂಬುದೇ ಈಗಿನ ಸಮಾಧಾನ. "ಸಾಕು ಸಾಕು, ಕ್ಲಚ್ ಇಲ್ಲದ ಗಾಡಿ ಕಲಿಸಿದ್ದಕ್ಕ ಇಷ್ಟ ಯಾಕ" ಎಂದು ಮುಖ ತಿರುಗಿಸಿದ್ದರು.

೨೦೧೮ರ ಬೇಸಿಗೆಯಲ್ಲಿ ಡಬ್ಬಿ ಹಾಗೇ ಉಳಿಯತೊಡಗಿತು. ಹೊಟ್ಟೆ ನೋವು ಎಂದರು. ಹೊಟ್ಟೆಯ ಕ್ಯಾನ್ಸರ್ ಎಂದರು ಡಾಕ್ಟರು. ಕಾರಿನ ಕೀಲಿ ನನ್ನ ಕೈಗಿಟ್ಟು, "ನನ್ನ ಇಂಜುರಿ ಲಿಸ್ಟಿಗೆ ಹಾಕ್ರಿ. ನನ್ನ ಜಾಗಾ ತುಂಬ್ರಿ, ಬೇಜಾರಿಲ್ಲ. ಅವನ ಜಾಗಾ ಮುಟ್ಟಬ್ಯಾಡ್ರಿ" ಎಂದರು. ನಾನು ಅವರೆದುರಿಗೇ ಅತ್ತುಬಿಟ್ಟೆ.

ಹಾಕಿ ಹಂಗಾಮು ಮತ್ತೆ ಶುರುವಾಗುವ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು. ಒಂದು ಮಧ್ಯಾಹ್ನ ನಾನು ಪಕ್ಕದಲ್ಲಿದ್ದಾಗ ತಾವಾಗಿಯೇ ಹೇಳಿದರು. "ನಂದೊಂದು ತಪ್ಪಾತು ಯವ್ವಾ. ಲೀಗಿನವರು ಸಸ್ಪೆಂಡ್ ಮಾಡಿದ್ರ ಎಷ್ಟು ಪಂದ್ಯಾ ಅಂತ ಹೇಳತಾರ. ನಾ ಹೇಳಲಿಲ್ಲ."

"ಈಗ ಹೇಳಿ ಕಾಕಾ. ಫೋನ್ ಮಾಡಿಕೊಡ್ತೀನಿ."

ಅವರು ಗೋಡೆಯ ಕಡೆ ಹೊರಳಿದರು. ಬಾಗಿಲಲ್ಲಿ ನಿಂತಿದ್ದ ಕಾಕೂ ಒಳಗೆ ಹೋಗಿ ತಾವೇ ಓಕ್‌ವಿಲ್‌ಗೆ ಫೋನ್ ಮಾಡಿದರು. ದೋಸ್ತರು "ರವಿವಾರ ಬರತೇನಿ ವೈನಿ" ಎಂದರಂತೆ. ಸುದ್ದಿ ಕೇಳಿದ ಕಾಕಾ ಶುಕ್ರವಾರ ಗಡ್ಡ ಮಾಡಿಸಿಕೊಂಡರು, ಚೂಡಾ ಮಾಡು ಎಂದರು. ಕಾಕೂ ಡಬ್ಬಿ ತುಂಬಿಸಿ ಕಾರಿನಲ್ಲೇ ಇಟ್ಟರು, ಅವರು ಹೇಳಿದ ಹಾಗೆ.

ಶನಿವಾರ ಬೆಳಗ್ಗೆ ಕಾಕಾ ಹೋದರು.

ಅಂತ್ಯಕ್ರಿಯೆ ಮುಗಿದ ಮೇಲೆ ಕಾಕೂ ನೆಂಟರ ಕಾರಿನಲ್ಲಿ ಹೊರಟರು. ಕಾಕಾನ ಕಾರನ್ನು ಮನೆಗೆ ತರುವುದು ನನ್ನ ಪಾಲಿಗೆ ಬಂತು. ಅಕ್ಕ ಮುಂದೆ ಕೂತರು. ನಾನು ಕೀಲಿ ತಿರುಗಿಸುವಾಗ ಹಿಂದಿನ ಬಾಗಿಲು ತೆರೆಯಿತು. ಬಿಳಿ ಮೀಸೆಯ, ಕುಳ್ಳನೆಯ ಒಬ್ಬರು ಯಾರನ್ನೂ ಕೇಳದೆ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು. ಅಕ್ಕ ಹಿಂದೆ ತಿರುಗಿ ನೋಡಿ ಬಾಯಿಗೆ ಸೆರಗು ಹಿಡಿದರು. ಅವರೇ ದೋಸ್ತರೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಅವರೇ ಬಾಯಿಬಿಟ್ಟರು. "ಎಷ್ಟು ಪಂದ್ಯಾ ಅಂತ ಹೇಳಲೇ ಇಲ್ರೀ ಅಂವಾ. ಇವತ್ತ ಕರೀತಾನ, ನಾಳೆ ಕರೀತಾನ ಅಂತ ನಾ ಕಾಯಕೋತ ಕುಂತೆ."

ಸ್ಟೀರಿಂಗಿನ ಹಳದಿ ಕಲೆಯ ಮೇಲೆ ನನ್ನ ಕೈಯಿತ್ತು. ಕೆಂಪು ದೀಪ ಬಿತ್ತು, ನಿಲ್ಲಿಸಿದೆ. ಎರಡು ಸೀಟುಗಳ ನಡುವಿನಿಂದ ಒಂದು ಅಂಗೈ ಮುಂದೆ ಬಂತು. ಚಾಚಿದವರಿಗೂ ಅದು ಗೊತ್ತಾಗಿರಲಿಲ್ಲವೇನೋ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಅಕ್ಕ ಡಬ್ಬಿ ತೆಗೆದು ಆ ಅಂಗೈಗೆ ಚೂಡಾ ಸುರಿದರು. ಅವರು ತಿನ್ನಲಿಲ್ಲ, ಮುಷ್ಟಿ ಮುಚ್ಚಿ ಎದೆಗೆ ಹಿಡಿದುಕೊಂಡರು. ಹಸಿರು ದೀಪ ಬಂದು ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು, ನನಗೆ ಕಾರು ಮುಂದೆ ಬಿಡಲಾಗಲಿಲ್ಲ.