ಕಿಟಕಿಯ ಕೆಳಗಿನ ಜನರೇಟರ್

ಬುರ್ಜ್ ಹಮ್ಮೂದಿನ ನಮ್ಮ ಓಣಿಯಲ್ಲಿ ಜಬೆಲಕ್ಕನ ಬಾಯಿಗೆ ಹೆದರದವರಿಲ್ಲ. ನಾನು ಅವಳ ಎದುರುಮನೆಯವಳು, ನನ್ನ ಬಾಯಿಯೂ ಸುಮ್ಮನಿರುವಂಥದ್ದಲ್ಲ. ಅದಕ್ಕೇ ನಮಗಿಬ್ಬರಿಗೂ ಹೊಂದಿಕೆ. ಚರ್ಚಿನಲ್ಲಿ ಹಸುಗೂಸುಗಳಿಗೆ ಮಾಡಿಸುವ ದೀಕ್ಷಾಸ್ನಾನಕ್ಕೆ ಬಿಳಿ ಅಂಗಿ ಹೊಲಿಯುವುದು ಅವಳ ಕಸುಬು. ಹೊಲಿದು, ಒಗೆದು, ಗಂಜಿ ಹಾಕಿ ಬಾಲ್ಕನಿಯಲ್ಲಿ ಒಣಗಲು ಬಿಟ್ಟರೆ ಸಂಜೆಗೆ ಅದರ ಮೇಲೆಲ್ಲ ಮಸಿ ಕೂರುತ್ತಿತ್ತು.

ಅವಳ ಕಿಟಕಿಯ ಕೆಳಗೇ ಮಿಹ್ರಾನನ ಅಂಗಡಿ. ಓಣಿಗೆಲ್ಲ ಇಂಟರ್ನೆಟ್ ಕೊಡುವವನು ಅವನೇ. ಮಧ್ಯಾಹ್ನ ಸಾಮಾನ್ಯವಾಗಿ ಸರ್ಕಾರದ ಕರೆಂಟೂ ಇರುವುದಿಲ್ಲ, ಬೀದಿಯ ದೊಡ್ಡ ಜನರೇಟರಿಗೂ ಬಿಡುವು. ಮನೆಗಳಲ್ಲಿ ಹೇಗೋ ಬ್ಯಾಟರಿ ಇದೆ. ಮಿಹ್ರಾನ ತನ್ನ ಇಂಟರ್ನೆಟ್ ಪೆಟ್ಟಿಗೆಗಳಿಗಾಗಿ ಪುಟ್ಟ ಡೀಸೆಲ್ ಜನರೇಟರ್ ಹಚ್ಚುತ್ತಿದ್ದ. ಹೊಗೆ ನೇರ ಮೇಲಕ್ಕೆ.

ಈ ಚಳಿಗಾಲ ಜಬೆಲಕ್ಕನಿಗೆ ಉಬ್ಬಸ ಹಿಡಿಯಿತು. ಮನೆ ಬದಲಿಸಿ, ಇಲ್ಲವೇ ಹೊಗೆ ನಿಲ್ಲಿಸಿ ಎಂದರು ಡಾಕ್ಟರು. ಮಸಿಯಾದ ಅಂಗಿ ಹಿಡಿದು ಅವಳು ದಡದಡ ಕೆಳಗಿಳಿದಳು. ತಮಾಷೆ ನೋಡಲು ನಾನೂ ಹಿಂದೆ ಹೋದೆ.

"ಲೋ ಮಿಹ್ರಾನ, ಇದೇನು ಮಗೂಗೆ ಹಾಕೋ ಬಟ್ಟೆನಾ, ಒಲೆ ಒರೆಸೋ ಬಟ್ಟೆನಾ? ಯಾವ ಸೋಂಬೇರಿಗಳೋ ಮಧ್ಯಾಹ್ನವೆಲ್ಲ ವೀಡಿಯೋ ನೋಡ್ತಾ ಬಿದ್ದಿರೋರು? ಅವರ ಚಪಲಕ್ಕೆ ನಾನು ಉಸಿರುಕಟ್ಟಿ ಸಾಯ್ಬೇಕಾ?"

ಮಿಹ್ರಾನ ತಲೆ ಕೆರೆದುಕೊಂಡ. "ಆ ಹೊತ್ತಲ್ಲಿ ಓಣಿಯೆಲ್ಲ ಮಲಗಿರುತ್ತೆ ಅಕ್ಕ. ಇಂಟರ್ನೆಟ್ ಓಡೋದು ನಿಮ್ಮ ಮನೇದೊಂದೇ."

"ನಂದಾ?"

"ನಿಮ್ದೇ. ಹಿಂದೆ ಒಂದ್ಸಲ ಆಫ್ ಮಾಡಿದ್ದಕ್ಕೆ ಕತ್ತರಿ ಹಿಡ್ಕೊಂಡು ಬಂದಿದ್ರಲ್ಲ, ಮರ್ತ್ರಾ? ಅವತ್ತಿಂದ ನಿಮಗೋಸ್ಕರಾನೇ ಹಚ್ತಿದೀನಿ."

ಜಬೆಲಕ್ಕ ಕೈಲಿದ್ದ ಅಂಗಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡಳು.

ಅವಳ ತಂಗಿ ನ್ವಾರ್ತ್ ದೇಶ ಬಿಟ್ಟು ಯೆರೆವಾನಿಗೆ ಹೋಗಿ ನೆಲೆಸಿದ್ದಾಳೆ. ಮದುವೆಗೆ ಮುಂಚಿನಿಂದಲೂ ಇಬ್ಬರೂ ಒಂದೇ ಮೇಜಿನ ಆಚೀಚೆ ಕೂತು ಹೊಲಿದವರು. ಅವಳು ಹೋದಂದಿನಿಂದ ದಿನಾ ಮಧ್ಯಾಹ್ನ ಊಟವಾದ ಮೇಲೆ ನೂಲಿನ ಡಬ್ಬಕ್ಕೆ ಫೋನ್ ಒರಗಿಸಿ ವೀಡಿಯೋ ಕಾಲ್ ಹಚ್ಚಿಕೊಳ್ಳುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಒಬ್ಬಳು ಹಲ್ಲಲ್ಲಿ ದಾರ ಕಚ್ಚಿ ತುಂಡರಿಸುವುದು ಇನ್ನೊಬ್ಬಳ ಕಣ್ಣಿಗೆ ಬೀಳುತ್ತಿದ್ದರೆ ಆಯಿತು, ಸಂಜೆಯವರೆಗೂ ಹೊಲಿಗೆ ಸಾಗುತ್ತಿತ್ತು. ಇಂಟರ್ನೆಟ್ ಬಳಸುವವರೆಂದರೆ ಬೇರೆ ಜನ, ಇದು ಬರೀ ತಂಗಿಯ ಜೊತೆ ಕೂರುವುದು ಎಂದೇ ಜಬೆಲಕ್ಕ ತಿಳಿದಿದ್ದಳು. ಅವಳನ್ನು ಆಡಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ, ನಾನೂ ಹಾಗೇ ತಿಳಿದಿದ್ದೆ.

"ಆಫ್ ಮಾಡು," ಎಂದಳು ಜಬೆಲಕ್ಕ ಮಿಹ್ರಾನನಿಗೆ.

ಈಗ ಅಂಗಿಗಳು ಬೆಳ್ಳಗೆ ಒಣಗುತ್ತವೆ. ಜಬೆಲಕ್ಕ ಉಸಿರಿಗಾಗಿ ಮೆಟ್ಟಿಲ ನಡುವೆ ನಿಲ್ಲದೆ ಮನೆಗೆ ಹತ್ತುತ್ತಾಳೆ. ತಂಗಿಗೆ ಬಿಡುವಿರುವುದು ಮಧ್ಯಾಹ್ನವೇ, ಆ ಹೊತ್ತಿಗೆ ಅಪ್ಪಿತಪ್ಪಿ ಸರ್ಕಾರದ ಕರೆಂಟು ಬಂದರೆ ಮಾತ್ರ ಅವಳ ಜೊತೆ ಮಾತು, ಅದು ಬರುವುದಕ್ಕೂ ಹೋಗುವುದಕ್ಕೂ ಹೊತ್ತು ಗೊತ್ತಿಲ್ಲ.

ಮೊನ್ನೆ ನಾವು ಕಾಫಿ ಕುಡಿಯುತ್ತಿದ್ದಾಗ ಕರೆಂಟು ಬಂತು. ನ್ವಾರ್ತ್ ಪರದೆಯ ಮೇಲೆ ಕಂಡಳು. ಆರೋಗ್ಯ, ಚಳಿ, ಮಾಂಸದ ಬೆಲೆ ಎಲ್ಲ ಆಯಿತು.

"ಏನಾದ್ರೂ ಹೇಳೇ ಅಕ್ಕ, ಕರೆಂಟ್ ಹೋಗ್ಬಿಡುತ್ತೆ."

"ಏನ್ ಹೇಳ್ಲಿ? ನಾವು ಯಾವತ್ತು ಮಾತಾಡಿದ್ವಿ?" ಜಬೆಲಕ್ಕ ಸೂಜಿ ಎತ್ತಿಕೊಂಡಳು. ಅಲ್ಲಿ ನ್ವಾರ್ತಳೂ ಹೊಲಿಗೆ ಕೈಗೆ ತೆಗೆದುಕೊಂಡಳು. ಅಷ್ಟರಲ್ಲಿ ಕರೆಂಟು ಹೋಯಿತು.

ನಾನು ಲೋಟ ಇಟ್ಟು ಎದ್ದೆ.

"ಹೋಗ್ಬೇಡ ಕಣೇ ಸೇತಾ," ಎಂದಳು, ತಲೆ ಎತ್ತದೆ. "ತಂಗಿಯ ಕುರ್ಚಿಲಿ ಸ್ವಲ್ಪ ಹೊತ್ತು ಕೂತ್ಕೋ. ಮಾತಾಡ್ಬೇಡ."

ನಾನು ಬಾಯಿ ಮುಚ್ಚಿಕೊಂಡು ಕೂತೆ.