ಹದಿಮೂರು ಜರ್ಸಿಗಳು

ಇವತ್ತು ಗ್ಯಾರೇಜಿನಲ್ಲಿ ಹಳೆಯ ಚೀಲವೊಂದನ್ನು ಬಿಚ್ಚಿದರೆ ಸೋಪಿನ ಪುಡಿಯ ವಾಸನೆ.

ನಾನು ಚಿಕ್ಕವಳಿದ್ದಾಗ ಹೇವರ್ಡ್ ಊರಿನ ನಮ್ಮ ರಗ್ಬಿ ಲೀಗ್ ಕ್ಲಬ್ಬಿಗೆ ಅಪ್ಪ ಡಾಕ್ಟರು. ತಂಡದ ಹದಿಮೂರು ಜರ್ಸಿಗಳನ್ನು ಒಗೆಯುವುದು ಅಮ್ಮನ ಪಾಲಿಗೆ ಬಂದಿತ್ತು. ವರ್ಷ ಕಳೆದಂತೆ ಆಡುವವರು ಕಡಿಮೆಯಾದರು. ಪಂದ್ಯ ಮುಗಿಸಿ ಅಪ್ಪ ತರುತ್ತಿದ್ದ ಚೀಲದಲ್ಲಿ ಮೊದಲು ಎರಡು, ಆಮೇಲೆ ಐದು ಜರ್ಸಿಗಳು ಮಡಚಿಟ್ಟ ಹಾಗೆಯೇ ವಾಪಸು ಬರುತ್ತಿದ್ದವು. ಅಮ್ಮ ಅವನ್ನೂ ಮೆಷಿನ್ನಿಗೆ ಹಾಕುತ್ತಿದ್ದಳು.

"ಇವು ಕ್ಲೀನಾಗೇ ಇವೆಯಲ್ಲಮ್ಮ?" ಎಂದೆ.

"ಮುಂದಿನ ವಾರ ಯಾರಾದ್ರೂ ಹೊಸಬರು ಬರಬಹುದು ಕಣೇ. ಅವ್ರಿಗೆ ಮುಗ್ಗಲು ವಾಸ್ನೆದು ಕೊಡಕ್ಕಾಗುತ್ತಾ?"

ಕೊನೆಗೊಂದು ವಾರ ಹದಿಮೂರೂ ಮಡಚಿದ ಹಾಗೆಯೇ ಬಂದವು. ಅಮ್ಮ ಎಲ್ಲವನ್ನೂ ಒಗೆದಳು.

ತಂಡ ಆಡುತ್ತಿದ್ದ ಮೈದಾನದಲ್ಲೀಗ ಗೋದಾಮಿದೆ. ಚೀಲದಿಂದ ಒಂದೊಂದೇ ಜರ್ಸಿಯನ್ನು ತೆಗೆದು ಮೂಸಿ ನೋಡಿದೆ. ಮಣ್ಣಿಲ್ಲ, ಬೆವರಿಲ್ಲ, ಒಬ್ಬ ಮನುಷ್ಯನ ವಾಸನೆಯೂ ಇಲ್ಲ. ಅಮ್ಮ ಅಷ್ಟು ಚೆನ್ನಾಗಿ ಒಗೆದಿದ್ದಳು.