ಗಿಟಾರಿಗೆ ಥಂಡಿ ಹಿಡಿದ ಕಥೆ

ಕಳೆದ ಮಂಗಳವಾರ ಬೈಕ್ ಮೆಕ್ಯಾನಿಕ್ ಒಬ್ಬ ನನ್ನ ಗಿಟಾರ್ ರಿಪೇರಿ ಮಾಡಿದ. ನಗಬೇಡಿ, ಮುಂದೆ ಓದಿ.

ನಮ್ಮ ಕಡೆ ಮಳೆಗಾಲದಲ್ಲಿ ಎಲ್ಲದಕ್ಕೂ ಥಂಡಿಯೇ ಕಾರಣ. ಉಪ್ಪು ನೀರಾದರೆ ಥಂಡಿ, ಬಾಗಿಲು ಬಿಗಿಯಾದರೆ ಥಂಡಿ, ಮಂಡಿ ನೋವಿಗಂತೂ ಥಂಡಿಯೇ. ಹಾಗಾಗಿ ನನ್ನ ಎಲೆಕ್ಟ್ರಿಕ್ ಗಿಟಾರ್ ಬಲ್ಬ್ ಉರಿಯುವ ಬೀರುವಿನೊಳಗೆ, ರೇಷ್ಮೆ ಸೀರೆ ಮತ್ತು ಡಿಗ್ರಿ ಸರ್ಟಿಫಿಕೇಟುಗಳ ಜೊತೆ ಬೆಚ್ಚಗಿರುತ್ತದೆ. (ಎಲ್‌ಇಡಿ ಬಲ್ಬ್ ಬಿಸಿಯಾಗುವುದಿಲ್ಲ. ಹಳೇ ಕಾಲದ ಬಲ್ಬಿಗಾಗಿ ಮೂಡಿಗೆರೆಯ ಅಂಗಡಿಗಳನ್ನೆಲ್ಲ ಸುತ್ತಿದ್ದೇನೆ.)

ಆದರೂ ಶ್ರುತಿ ನಿಲ್ಲುತ್ತಿರಲಿಲ್ಲ. ಈ ಗಿಟಾರಿನಲ್ಲೊಂದು ಟ್ರೆಮೊಲೊ ಕಡ್ಡಿ ಇದೆ. ಒತ್ತಿದರೆ ತಂತಿಗಳೆಲ್ಲ ಸಡಿಲವಾಗಿ ಸ್ವರ ಬಳುಕುತ್ತದೆ. ಬಿಟ್ಟರೆ ಮೊದಲಿನ ಜಾಗಕ್ಕೆ ಬರಬೇಕು. ನನ್ನದು ಬರುತ್ತಿರಲಿಲ್ಲ.

ಈ ಭಾನುವಾರ ಚಿಕ್ಕಮಗಳೂರಿನಲ್ಲಿ ನಮ್ಮ ಕಾಲೇಜು ಬ್ಯಾಚಿನ ಗೆಟ್‌ಟುಗೆದರ್. ಇಪ್ಪತ್ತು ವರ್ಷದ ಹಿಂದೆ ಕಾಲೇಜ್ ಡೇಗೆ ಇದೇ ಗಿಟಾರಿನಲ್ಲಿ ನುಡಿಸಿದ ಹಾಡನ್ನೇ ಮತ್ತೆ ನುಡಿಸಬೇಕಂತೆ. ಅವತ್ತು ಹಾಡಿದ್ದು ಶೈಲಾ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕೀಬೋರ್ಡಿನ ಶ್ರುತಿ ಒಂದು ಕಡೆ, ಅವಳದು ಇನ್ನೊಂದು ಕಡೆ. ಹಾಲ್ ತುಂಬ ಶಿಳ್ಳೆ, ಕೂಗಾಟ. ಆಮೇಲೆ ಅವಳು ಸ್ಟೇಜ್ ಹತ್ತಲೇ ಇಲ್ಲ.

'ಪಾಪ, ಅವತ್ತು ಜಡಿಮಳೆ. ಗಂಟಲಿಗೆ ಥಂಡಿ ಹಿಡಿದಿತ್ತು' ಎಂದು ನಾನು ಅಂದಿನಿಂದಲೂ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಎಂಥ ಉದಾರಿ ನಾನು! ಅವಳು ಮಾತ್ರ ವಾಟ್ಸಾಪ್ ಗ್ರೂಪಿನಲ್ಲಿ 'ಊಟಕ್ಕೆ ಬರ್ತೀನಿ, ಹಾಡೋದಕ್ಕಲ್ಲ' ಎಂದು ಬರೆದಿದ್ದಳು.

ಹೊಸ ಗಿಟಾರ್ ನೋಡೋಣವೆಂದು, ಹಳೆಯದನ್ನು ಬೆನ್ನಿಗೇರಿಸಿ ಬೈಕಿನಲ್ಲಿ ಚಿಕ್ಕಮಗಳೂರಿಗೆ ಹೊರಟೆ. ಮೂಡಿಗೆರೆ ದಾಟುವ ಮೊದಲೇ ಕ್ಲಚ್ ಹಿಡಿದುಕೊಂಡಿತು. ಮೆಕ್ಯಾನಿಕ್ ಗಿರೀಶ ಕೇಬಲ್ ಬಿಚ್ಚುತ್ತಲೇ ಗಿಟಾರಿನ ಕಷ್ಟವನ್ನೂ ಕೇಳಿಸಿಕೊಂಡ. ಕೈ ಒರೆಸಿ, ಕಡ್ಡಿ ಒತ್ತಿ, ಬಿಟ್ಟು, ಬಗ್ಗಿ ನೋಡಿದ.

"ಥಂಡಿ ಅಲ್ಲ ಸರ್. ನಿಮ್ ಕ್ಲಚ್ ಕೇಬಲ್ಲಿಗಿರೋ ಕಾಯಿಲೇನೇ ಇದಕ್ಕೂ. ತಂತಿ ಹೋಗುತ್ತೆ, ವಾಪಸ್ ಬರೋವಾಗ ಇಲ್ಲಿ ಹಿಡ್ಕೊಳುತ್ತೆ." ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳನ್ನು ತೋರಿಸಿದ. "ಮತ್ತೆ ಬಿರಡೆಗೆ ಇಷ್ಟೊಂದು ಸುತ್ತು ಯಾಕೆ? ದನ ಕಟ್ಟೋಕಾ?"

ತಂತಿ ಬಿಚ್ಚಿಸಿ, ಎರಡು ಮೂರು ಸುತ್ತಿಗೇ ನಿಲ್ಲಿಸಿದ. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ತಂತಿ ಸಲೀಸಾಗಿ ಜಾರಲೆಂದು ಕಚ್ಚುಗಳಿಗೆ ಚೆನ್ನಾಗಿ ಉಜ್ಜಿದ. ಹತ್ತು ಸಲ ಒತ್ತಿದೆ. ಹತ್ತು ಸಲವೂ ಸ್ವರ ತನ್ನ ಜಾಗಕ್ಕೇ ಬಂತು.

"ಯಾವಾಗಿಂದ ಹಿಂಗೆ ಸರ್?"

"ಕೊಂಡಾಗಿಂದಲೂ."

"ಹಂಗಾದ್ರೆ ಇಷ್ಟ್ ವರ್ಷ ತಪ್ಪು ಯಾರ್ ಮೇಲೆ ಹಾಕ್ತಿದ್ರಿ?"

ಅವನು ತಮಾಷೆಗೆ ಕೇಳಿದ್ದು. ನಾನು ಚಿಕ್ಕಮಗಳೂರಿಗೆ ಹೋಗದೆ ಮನೆಗೆ ಮರಳಿ ಹಳೆಯ ಡೈರಿ ಹುಡುಕಿದೆ. ಕಾಲೇಜ್ ಡೇ ಪುಟದಲ್ಲಿ ನನ್ನದೇ ಅಕ್ಷರ: 'ಶೈಲಾ ಕೈಕೊಟ್ಟಳು.' ಅದರ ಮೇಲಿನ ಸಾಲು: 'ಕಣದ ತುಂಬ ಕಾಫಿ ಒಣಗಲು ಹರವಿದೆ. ಬೆಳಗ್ಗಿನಿಂದ ಸುಡು ಬಿಸಿಲು.'

ಪುಟದ ತಾರೀಖು ಫೆಬ್ರವರಿಯದು! ಹಾಗಾದರೆ ಜಡಿಮಳೆ ಎಲ್ಲಿಂದ ಬಂತು?

ನೆನಪನ್ನು ನಂಬಬೇಡಿ ಎಂದು ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ? (ನನ್ನದನ್ನೂ ಸೇರಿಸಿ ಹೇಳುತ್ತಿದ್ದೇನೆ ಎಂಬುದು ನನಗೇ ಹೊಳೆದಿರಲಿಲ್ಲ.) ಶೈಲಾಗೆ ಫೋನ್ ಮಾಡಿದೆ. ಅವತ್ತು ಕೆಟ್ಟಿದ್ದು ನನ್ನ ಗಿಟಾರ್ ಎಂದು ತೊದಲಿದೆ.

"ಗೊತ್ತು ಮಾರಾಯ. ನೀನು ಆ ಕಡ್ಡಿ ಒತ್ತಿ ಬಿಟ್ಟಾಗ್ಲೆಲ್ಲ ಶ್ರುತಿ ಒಂಚೂರು ಏರ್ತಿತ್ತು. ಪಕ್ಕದಲ್ಲೇ ನಿಂತಿದ್ದೆ, ನಾನೂ ಏರ್ದೆ. ನಿನ್ನೊಬ್ಬನ್ನೇ ಬಿಟ್ಟು ಹಾಡೋಕಾಗುತ್ತಾ?"

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಮಳೆ ಸುರಿಸ್ತಾ ಇದ್ದೆಯಲ್ಲ. ಯಾವಾಗ ನಿಲ್ಲಿಸ್ತೀಯ ಅಂತ ಕಾಯ್ತಿದ್ದೆ."

ಭಾನುವಾರ ಹಾಡುತ್ತಾಳಂತೆ. ಒಂದೇ ಕಂಡಿಷನ್. ಮೊದಲು ನಾನು ಮೈಕ್ ಹಿಡಿದು, ಇಡೀ ಬ್ಯಾಚಿನ ಎದುರು ನಡೆದದ್ದನ್ನು ಹೇಳಬೇಕು.

ಗಿಟಾರ್ ಈಗ ಎಷ್ಟು ಒತ್ತಿದರೂ ಸರಿಯಾಗಿ ಬಂದು ನಿಲ್ಲುತ್ತದೆ. ಅದರ ನೆಪವೂ ಉಳಿದಿಲ್ಲ.

ಅಂದ ಹಾಗೆ, ಭಾನುವಾರ ಜೋರು ಮಳೆಯೇನಾದರೂ ಇದೆಯಂತಾ?